ಆಯಿ ನೋಡಿದ ಪುನರುತ್ಥಾನ

ಸಿನಿಮಾದಲ್ಲಿ ಯಾರಾದರೂ ಸತ್ತರೆ ನನ್ನ ಕಣ್ಣು ನೇರವಾಗಿ ಅವರ ಹೊಟ್ಟೆಯ ಮೇಲೆ ಹೋಗುತ್ತದೆ. ಉಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಿರುವಾಗ ನಾನು ಆ ಹೊಟ್ಟೆ ಏರಿಳಿಯುತ್ತಿದೆಯೇ ಎಂದು ನೋಡುತ್ತ ಕೂತಿರುತ್ತೇನೆ. ಏರಿಳಿದರೆ ಸಮಾಧಾನ. ಪಾಪ, ಶೂಟಿಂಗ್ ಮುಗಿಸಿ ಮನೆಗೆ ಹೋಗಿ ಉಂಡಿರುತ್ತಾನೆ. ಏರಿಳಿಯದಿದ್ದರೆ ನನ್ನ ಉಸಿರೇ ಸಿಕ್ಕಿಕೊಂಡಂತಾಗುತ್ತದೆ. ನನ್ನ ಜೊತೆ ಕೂತು ಸಿನಿಮಾ ನೋಡುವುದು ಬೇಡವೇ ಬೇಡ ಎಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿ ಬಹಳ ದಿನವಾಯಿತು.

ಈಸ್ಟರ್ ಸಮೀಪಿಸಿದಾಗ ಟೀವಿಯಲ್ಲಿ, ಈಗೀಗ ಫೋನಿನಲ್ಲೂ, ಯೇಸುಸ್ವಾಮಿಯ ಸಿನಿಮಾಗಳು ಬರುತ್ತವಲ್ಲ, ಆಗ ಈ ಕಾಟ ವಿಪರೀತ. ಶಿಲುಬೆಯ ತನಕ ಹೇಗೋ ಕೂತಿರುತ್ತೇನೆ. ದೇಹ ಇಟ್ಟ ಗವಿಯ ಬಾಯಿಗೆ ಕಲ್ಲು ಉರುಳಿಸಿದ ಕೂಡಲೇ ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ನೆನಪಾಗಿ ಎದ್ದು ಹೋಗುತ್ತೇನೆ. ಒಲೆಯ ಮೇಲೆ ಏನೂ ಇರುವುದಿಲ್ಲ. ನಾನು ಕ್ರೈಸ್ತ ಮನೆತನದವಳು, ಸಾಲಿಯಲ್ಲಿ ವಿಜ್ಞಾನ ಕಲಿಸುವವಳು. ಹಾಗಾಗಿ ಇದು ಧರ್ಮಕ್ಕೂ ವಿಜ್ಞಾನಕ್ಕೂ ನನ್ನೊಳಗೆ ನಡೆದಿರುವ ಜಗಳ ಎಂದು ನೀವು ದೊಡ್ಡದಾಗಿ ತಿಳಿದುಕೊಳ್ಳಬಹುದು. ಹಾಗೇನಿಲ್ಲ. ಇದು ನನ್ನ ಆಯಿಯಿಂದ ಅಂಟಿದ ರೋಗ.

ಆಯಿ ಎಂದರೆ ಅಪ್ಪನ ತಾಯಿ, ಶಾಂತವ್ವ. ಅವಳ ಗಂಡ, ನಮ್ಮ ಮುತ್ಯಾ, ಬೀಳಗಿ ತಾಲೂಕಿನ ಕೃಷ್ಣಾ ದಂಡೆಯ ಒಂದು ಹಳ್ಳಿಯ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಆ ಊರಿನಲ್ಲಿ ಕ್ರೈಸ್ತರ ಮನೆ ಎಂದರೆ ನಮ್ಮದೊಂದೇ. ಒಂದೇ ಮನೆಗಾಗಿ ಯಾರು ಸ್ಮಶಾನ ಮಾಡುತ್ತಾರೆ? ಮುತ್ಯಾ ತೀರಿಕೊಂಡಾಗ ನಮ್ಮ ಹೊಲದ ಮೂಲೆಯಲ್ಲಿ, ಬಾವಿಯ ಹತ್ತಿರದ ಬೇವಿನ ಗಿಡದ ಕೆಳಗೇ ಮಣ್ಣು ಮಾಡಿದರು. ನಾನು ಆಗಿನ್ನೂ ಹುಟ್ಟಿರಲಿಲ್ಲ. ಮುಂದೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಊರಿಗೆ ಊರೇ ಎದ್ದಾಗ ಅಪ್ಪ ಆಯಿಯನ್ನು ಬನಹಟ್ಟಿಗೆ ಕರೆತಂದ. ಅಪ್ಪನಿಗೆ ಅಲ್ಲಿ ಕರೆಂಟಿನ ಮಗ್ಗಗಳನ್ನು ರಿಪೇರಿ ಮಾಡುವ ಕೆಲಸ, ನನಗೆ ರಬಕವಿಯ ಒಂದು ಸಾಲಿಯಲ್ಲಿ ಆಗಷ್ಟೇ ಸಿಕ್ಕ ನೌಕರಿ. ಅವ್ವ ನಾನು ಕಾಲೇಜಿನಲ್ಲಿರುವಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಇದ್ದವರು ನಾವು ಮೂವರು.

ನಮ್ಮ ಓಣಿಯಲ್ಲಿ ಮನೆ ಮನೆಗೂ ಮಗ್ಗ. ಬೆಳಗಿನಿಂದ ಸಂಜೆಯ ತನಕ ಖಟಾಪಟಾ ಸದ್ದು. ಬಂದ ಹೊಸದರಲ್ಲಿ ಆಯಿ, "ಈ ಊರಾಗ ದೇವರಿಗಾದ್ರೂ ನಮ್ಮ ಪ್ರಾರ್ಥನಾ ಹೆಂಗ ಕೇಳಬೇಕಬೇ?" ಎಂದು ಕೇಳಿದ್ದಳು. ಆರು ತಿಂಗಳಲ್ಲಿ ಆ ಸದ್ದು ನಿಂತರೆ ಎಚ್ಚರವಾಗುವಷ್ಟು ರೂಢಿಯಾಯಿತು. ನಮ್ಮ ಆಯಿಗೆ ನಂಬಿಕೆ ಎನ್ನುವುದು ಅದೇ ಥರ ಇತ್ತು ಎನಿಸುತ್ತದೆ. ಇದೆ ಎಂದು ಗಮನಕ್ಕೇ ಬರದಷ್ಟು ಸದಾ ಇರುವಂಥದ್ದು.

ಆ ವರ್ಷ ಈಸ್ಟರಿನ ಹಿಂದಿನ ದಿನ ಬೀರಪ್ಪ ಬಂದ. ಹಳೆಯ ಊರಿನಲ್ಲಿ ನಮ್ಮ ಹೊಲಕ್ಕೆ ಹೊಲ ಹತ್ತಿದವ, ಕುರಿ ಕಟ್ಟಿಕೊಂಡು ಒಕ್ಕಲುತನ ಮಾಡುತ್ತಿದ್ದವ. ಈಗ ಪುನರ್ವಸತಿ ಕೇಂದ್ರದ ಹೊಸ ಊರಿನಲ್ಲಿದ್ದ. ಚಹಾ ಕುಡಿದು, ಕಪ್ಪು ಕೆಳಗಿಟ್ಟು ಹೇಳಿದ.

"ಶಾಂತವ್ವಾರ, ಹ್ವಾದ ವರ್ಷ ನೀರು ನಿಮ್ಮ ಬಾವಿತನಾ ಬಂದು ಹೊಳ್ಳಿ ಹೋತರಿ. ಈ ಸಲ ಇನ್ನೂ ಏರತೈತಿ ಅನ್ನಾಕತ್ತಾರ. ಮಳಿಗಾಲಕ್ಕ ಆ ಹೊಲಾ ಪೂರಾ ನೀರಾಗರಿ. ಕಂಪೌಂಡರ್ ಸಾಹೇಬ್ರನ್ನ ಎತಗೊಂಡ ಬಂದಬಿಡ್ರಿ. ನಾ ನಮ್ಮ ಹಿರ್ಯಾರ ಕಲ್ಲ ತಂದೆ, ಒಂದ ಬೊಗಸಿ ಮಣ್ಣ ತಂದೆ, ಹೊಸಾ ಊರಾಗ ಇಟ್ಟು ಕಾಯಿ ಒಡದೆ. ಆತು."

ಆಯಿ ಎದ್ದು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು. ಅಪ್ಪ ಬಾಗಿಲಲ್ಲಿ ನಿಂತು, "ಯವ್ವಾ, ತರೂಣೋ ಬಿಡೂಣೋ, ಒಂದ ಮಾತ ಹೇಳಬೇ" ಎಂದ. "ಅವಸರ ಮಾಡಬ್ಯಾಡ" ಎಂದಳು. ಆಗಲೇ ಆರಿಸಿ ಇಟ್ಟಿದ್ದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಹಾಕಿಕೊಂಡು ಆರಿಸುತ್ತಿದ್ದಳು.

ಆಗ ನನಗೊಂದು ಜಾಣತನ ಹೊಳೆಯಿತು. ಮರುದಿನ ಹೇಗೂ ಈಸ್ಟರ್. ಸ್ವಾಮಿ ಸತ್ತು ಮೂರನೆಯ ದಿನ ಎದ್ದದ್ದನ್ನು ಆಯಿ ಎಪ್ಪತ್ತು ವರ್ಷ ಕಿವಿಯಿಂದ ಕೇಳಿದ್ದಾಳೆ, ಕಣ್ಣಿನಿಂದ ನೋಡಿಲ್ಲ. ಒಂದು ಸಲ ನೋಡಿಬಿಟ್ಟರೆ, ಮಣ್ಣೊಳಗೆ ಇರುವುದು ಸ್ವಲ್ಪ ದಿನದ ವಸತಿ ಎಂಬ ಧೈರ್ಯ ಬರುತ್ತದೆ, ಗೋರಿ ತೆಗೆಯಲು ಒಪ್ಪುತ್ತಾಳೆ. ಹೀಗೆ ಲೆಕ್ಕ ಹಾಕಿ ಓಣಿಯ ತುದಿಯ ಅಂಗಡಿಯಿಂದ ವಿಸಿಡಿ ಪ್ಲೇಯರ್ ಬಾಡಿಗೆಗೆ ತಂದೆ. ಕನ್ನಡಕ್ಕೆ ಡಬ್ ಮಾಡಿದ ಯೇಸುವಿನ ಸಿನಿಮಾದ ಡಿಸ್ಕನ್ನು ನಮ್ಮ ಚರ್ಚಿನ ಸಭೆಯ ಒಬ್ಬ ಅಕ್ಕ ಕೊಟ್ಟಳು. ಜಾಣರು ಮಾಡುವ ಕೆಲಸಗಳಿಂದ ದೇವರೇ ಕಾಪಾಡಬೇಕು.

ರವಿವಾರ ಆರಾಧನೆ ಮುಗಿಸಿ, ಉಂಡು, ನಾವು ಮೂವರು ಮತ್ತು ರಾತ್ರಿ ನಮ್ಮಲ್ಲೇ ಉಳಿದಿದ್ದ ಬೀರಪ್ಪ ಟೀವಿಯ ಮುಂದೆ ಕೂತೆವು. ಸಿನಿಮಾದವರ ಕನ್ನಡ ಕೇಳಿ ಆಯಿ, "ಇವ್ರೆಲ್ಲಾ ಮೈಸೂರ ಕಡೆಯವ್ರೇನ?" ಎಂದಳು. ಅಲ್ಲಿಯವರೆಗೆ ಎಲ್ಲ ನಗೆಯೇ. ಆದರೆ ಚಾವಟಿ ಏಟು ಶುರುವಾದ ಮೇಲೆ ಅವಳು ಸೆರಗಿನ ಚುಂಗನ್ನು ಬಾಯಿಗಿಟ್ಟುಕೊಂಡಳು. ಶಿಲುಬೆ, ಮೊಳೆ, ರಕ್ತ. ಇಷ್ಟು ವರ್ಷ ಅವಳು ಹಾಡಿನಲ್ಲಿ ಹಾಡಿದ್ದ ರಕ್ತ ಬೇರೆ, ಇದು ಬೇರೆ. ಸತ್ತ ಸ್ವಾಮಿಯ ತಲೆ ಒಂದು ಕಡೆ ವಾಲಿ, ಬಾಯಿ ಅರೆ ತೆರೆದು, ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಟ್ಟೆ ಸುತ್ತಿದರು. ಗವಿಯಲ್ಲಿ ಇಟ್ಟರು. ನಾಲ್ಕು ಜನ ಹೆಗಲು ಕೊಟ್ಟು ಕಲ್ಲು ಉರುಳಿಸಿದರು.

ಕರೆಂಟು ಹೋಯಿತು.

ಬನಹಟ್ಟಿಯಲ್ಲಿ ಕರೆಂಟು ಹೋಗುವುದೆಂದರೆ ಬರೀ ದೀಪ ಆರುವುದಲ್ಲ. ಓಣಿಯ ಎಲ್ಲ ಮಗ್ಗಗಳೂ ಒಮ್ಮೆಲೇ ನಿಂತವು. ಅಂಥ ನಿಶ್ಶಬ್ದದಲ್ಲಿ ಆಯಿ ನಿಧಾನವಾಗಿ ಹೇಳಿದಳು: "ಸತ್ತ ಬಿಟ್ಟ ನೋಡಬೇ."

"ಏಳತಾನ ತಡೀ ಆಯಿ, ಇನ್ನೂ ಐತಿ" ಎಂದೆ.

"ಇಷ್ಟ ಖರೆ ಖರೆ ಸತ್ತಾಂವ ಹೆಂಗ ಏಳತಾನ?"

ಈ ಮಾತು ಆಡಿದ್ದು ನಮ್ಮ ಆಯಿ. ಜ್ವರ ಬಂದರೂ ಆರಾಧನೆ ತಪ್ಪಿಸದವಳು. ನಾನು ನಗಲಿಕ್ಕೆ ನೋಡಿದೆ, ನಗೆ ಬರಲಿಲ್ಲ. ಬೀರಪ್ಪನೇ ಸಮಾಧಾನ ಹೇಳಿದ: "ದೇವ್ರ ಅಂದಮ್ಯಾಲ ಏಳದ ಇರ್ತಾನೇನ್ರಿ ಶಾಂತವ್ವಾರ? ಕರೆಂಟ್ ಬರೂದ ತಡಾ." ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಬೀರೇಶ್ವರನ ಭಕ್ತನಾದ ಅವನು ನಮ್ಮ ದೇವರನ್ನು ನಂಬಿ ಆರಾಮಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಹುಟ್ಟಾ ಕ್ರೈಸ್ತರಾದ ನಾವು ಮೂವರು ಕಪ್ಪು ಪರದೆ ನೋಡುತ್ತ ಬೆವರುತ್ತಿದ್ದೆವು.

ಎರಡು ತಾಸಿನ ಮೇಲೆ ಕರೆಂಟು ಬಂತು, ಸ್ವಾಮಿ ಎದ್ದ. ಈಗ ವಿಚಾರ ಮಾಡಿದರೆ, ಬಾರದಿದ್ದರೇ ಚೆನ್ನಾಗಿತ್ತು. ಸಾವನ್ನು ಅಷ್ಟು ಚೆನ್ನಾಗಿ ತೆಗೆದವರಿಗೆ ಏಳುವುದನ್ನು ತೆಗೆಯಲು ಬಂದಿರಲಿಲ್ಲ. ಗವಿಯ ಬಾಯಲ್ಲಿ ಬೆಳಕು ಬಂತು. ಒಂದು ವಾದ್ಯ ನುಡಿಯಿತು. ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದಂಥ ಬಿಳಿ ನಿಲುವಂಗಿ ಹಾಕಿಕೊಂಡು ನಗುತ್ತ ಬಂದ.

ಆಯಿ ಬಹಳ ಹೊತ್ತು ನೋಡಿದಳು. "ಸುತ್ತಿದ ಅರಿವಿ ಗವ್ಯಾಗ ಬಿಟ್ಟ ಬಂದಾನ. ಮತ್ತ ಮೈಮ್ಯಾಲಿಂದ ಯಾರ ನೇದ ಕೊಟ್ರು?"

ನೇಕಾರರ ಓಣಿಯಲ್ಲಿ ಕೂತು ಕೇಳಿದ ಪ್ರಶ್ನೆ.

"ಮೂರ ದಿನಾ ಸತ್ತಾಂವನ ಮಾರಿ ಅಲ್ಲದು. ಸಂತಿಗೆ ಹೊಂಟಾಂವನ ಮಾರಿ" ಎಂದು ಎದ್ದು ಹೋದಳು.

ಆಮೇಲೆ, ಗಾಯ ಮುಟ್ಟದ ಹೊರತು ನಂಬುವುದಿಲ್ಲ ಎಂದ ಶಿಷ್ಯನ ದೃಶ್ಯ ಬಂತು. ಗಾಯ ಮುಟ್ಟಿ ನೋಡು ಎಂದು ಸ್ವಾಮಿ ಕೈ ಚಾಚುತ್ತಾನೆ, ಶಿಷ್ಯ ಬೆರಳು ಮುಂದೆ ತರುತ್ತಾನೆ, ಅಷ್ಟರಲ್ಲಿ ಕ್ಯಾಮೆರಾ ಆಕಾಶಕ್ಕೆ ತಿರುಗುತ್ತದೆ. ಅಡುಗೆಮನೆಯ ಬಾಗಿಲಿನಿಂದಲೇ ಆಯಿ ಅದನ್ನು ನೋಡಿದ್ದಳು ಎಂದು ನನಗೆ ಗೊತ್ತಾದದ್ದು ಮೂರು ದಿನದ ಮೇಲೆ, ಸಭಾಪಾಲಕರು ಮನೆಗೆ ಬಂದಾಗ.

ಅವರನ್ನು ಕರೆಸಿದವಳು ನಾನೇ. ಆ ಮೂರು ದಿನ ಆಯಿ ಸರಿಯಾಗಿ ಉಣ್ಣಲಿಲ್ಲ, ಹಾಡಲಿಲ್ಲ. ಸಾಲಿಯಲ್ಲಿ ನಾನು ಏಳನೇ ತರಗತಿಯ ಮಕ್ಕಳಿಗೆ ಎಲೆ, ಕಡ್ಡಿ, ಸತ್ತ ಪ್ರಾಣಿಗಳೆಲ್ಲ ಮಣ್ಣಲ್ಲಿ ಕೊಳೆತು ಹೇಗೆ ಗೊಬ್ಬರವಾಗುತ್ತವೆ ಎನ್ನುವ ಪಾಠ ಮಾಡಬೇಕಾಗಿತ್ತು. ಮಾಡಲಾರದೆ ಮುಂದಿನ ಪಾಠಕ್ಕೆ ಹಾರಿದೆ. ಮಕ್ಕಳಿಗೆ ಖುಷಿಯಾಯಿತು. ನನಗೆ ಮಾತ್ರ ಎಲ್ಲ ದಾರಿಗಳೂ ಬಾವಿಯ ಹತ್ತಿರದ ಆ ಬೇವಿನ ಗಿಡಕ್ಕೇ ಹೋಗಿ ನಿಲ್ಲುತ್ತಿದ್ದವು. ಆಯಿಯ ಪ್ರಶ್ನೆಗಳು ಅವಳವೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವು ನನ್ನವೂ ಆಗಿದ್ದವು. ನಾನು ಅವನ್ನು ಬಾಯಿಬಿಟ್ಟು ಕೇಳಿರಲಿಲ್ಲ ಅಷ್ಟೇ.

ಸಭಾಪಾಲಕರು ಒಳ್ಳೆಯ ಮನುಷ್ಯ. ಕೂತು ಪ್ರಾರ್ಥನೆ ಮಾಡಿ, "ಏನವ್ವಾ ಶಾಂತವ್ವಾ, ಮನಸಿಗೆ ಏನಾಗೇತಿ?" ಎಂದರು.

"ಅಯ್ಯಾವ್ರ, ಆ ಶಿಷ್ಯಾ ಗಾಯಾ ಮುಟ್ಟಿದನೋ ಇಲ್ಲೋ? ಸಿನಿಮಾದಾಗ ತೋರಸಲಿಲ್ಲ."

"ಮುಟ್ಟಿದ್ನವ್ವಾ, ಮುಟ್ಟೇ ನಂಬಿದ."

"ಪುಸ್ತಕದಾಗ ಐತೇನ್ರಿ?"

ಅವರು ಚಸ್ಮಾ ಹಾಕಿಕೊಂಡು ಪುಸ್ತಕ ತೆರೆದರು. ಓದಿದರು. ಹಾಳೆ ಹಿಂದೆ ತಿರುಗಿಸಿ ಮತ್ತೆ ಓದಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಚಸ್ಮಾ ತೆಗೆದು ಮೂಗಿನ ಮೇಲಿನ ಬೆವರು ಒರೆಸಿಕೊಂಡು, "ಮುಟ್ಟು ಅಂತ ಸ್ವಾಮಿ ಹೇಳಿದ್ದು ಐತವ್ವಾ. ಅಂವ ಮುಟ್ಟಿದ್ದು... ಬರದಿಲ್ಲ" ಎಂದರು. ಸಾವಿರ ಸಲ ಓದಿದ ಹಾಳೆಯಲ್ಲಿ ಇಲ್ಲದ್ದನ್ನು ಅಂದೇ ಕಂಡವರ ಹಾಗೆ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟರು. ಆಯಿಯೇ ಅವರಿಗೆ ಚಹಾ ಮಾಡಿಕೊಟ್ಟು ಧೈರ್ಯ ಹೇಳಿ ಕಳಿಸಬೇಕಾಯಿತು.

ನಾನು ಸೋಲಲಿಲ್ಲ. ಮತ್ತೊಂದು ಡಿಸ್ಕ್ ತಂದೆ. ಅದರಲ್ಲಿ ಎದ್ದ ಸ್ವಾಮಿಯ ಮುಖವೇ ಇಲ್ಲ, ಬರೀ ಬೆಳಕು. "ಇದ್ರಾಗ ನಿಮ್ಮ ಸಾಲ್ಯಾಗಿನ ಟ್ಯೂಬ್‌ಲೈಟ್ ಎದ್ದೇತಿ" ಎಂದಳು ಆಯಿ. ಮೂರನೆಯದೊಂದರಲ್ಲಿ ಖಾಲಿ ಗವಿ ತೋರಿಸಿ, ಮಡಚಿಟ್ಟ ಬಟ್ಟೆ ತೋರಿಸಿ, ಮುಗಿಸಿಯೇ ಬಿಟ್ಟಿದ್ದರು. ಅದನ್ನು ನೋಡುವಾಗ ಮಾತ್ರ ಆಯಿ ಏನೂ ಟೀಕೆ ಮಾಡಲಿಲ್ಲ. ಟೀವಿ ಆರಿಸಿದ ಮೇಲೂ ಅಲ್ಲೇ ನೋಡುತ್ತಿದ್ದಳು. ನಾನು ಪಕ್ಕಕ್ಕೆ ಹೋಗಿ ಕೂತೆ. ಆಗ ಅವಳ ಬಾಯಿಂದ ನಿಜವಾದ ಮಾತು ಬಂತು.

"ಅಲ್ಲಿ ಗವಿ ಖಾಲಿ ಇತ್ತು, ಎಲ್ಲಾರೂ ನಂಬಿದ್ರು. ನಮ್ಮದು ತಗದ್ರ ಅವ್ರು ಅಲ್ಲೇ ಇರ್ತಾರಲ್ಲಬೇ. ಬರೇ ಎಲುಬ ಇರ್ತಾವ. ನಾ ಅದನ್ನ ನೋಡಿ ಬಂದು ಮತ್ತ ಆರಾಧನಿಗೆ ಹೆಂಗ ಕೂಡ್ಲಿ? ಏಳತಾರ ಅಂತ ಹೆಂಗ ಹಾಡ್ಲಿ?"

ಅವಳು ಗೋರಿ ತೆಗೆಯಲು ಹಿಂಜರಿದದ್ದು ಮುತ್ಯಾನ ಮೇಲಿನ ಮರ್ಯಾದೆಯಿಂದ ಎಂದು ನಾವು ತಿಳಿದಿದ್ದೆವು. ಅವಳಿಗೆ ಇದ್ದದ್ದು ಭಯ. ಮುಚ್ಚಿದ ಮಣ್ಣಿನ ಮೇಲೆ ಅಷ್ಟು ವರ್ಷ ನಂಬಿಕೆ ಇಟ್ಟುಕೊಂಡು ಬದುಕಿದವಳಿಗೆ ಅದನ್ನು ತೆರೆಯಿರಿ ಎಂದು ನೀರು ಹೇಳುತ್ತಿತ್ತು. ಅದು ಸಾಲದೆಂದು ನಾನು ಸಿನಿಮಾ ತೋರಿಸಿದ್ದೆ.

"ಹಂಗಾದ್ರ ಬಿಡೂಣು ಆಯಿ" ಎಂದೆ.

"ನೀರಾಗ ಹೆಂಗ ಬಿಡೂದು? ಅವ್ರಿಗೆ ಈಜ ಬರತಿದ್ದಿಲ್ಲ" ಎಂದಳು. ಹಾಗೆ ಹೇಳಿ, ತಾನೇ ಹೇಳಿದ್ದಕ್ಕೆ ತಾನೇ ಅತ್ತಳು.

ಮೇ ತಿಂಗಳ ಒಂದು ಮುಂಜಾನೆ ಟೆಂಪೋ ಮಾಡಿಕೊಂಡು ಹೊರಟೆವು. ಅಪ್ಪ, ಆಯಿ, ನಾನು. ಜಮಖಂಡಿಯ ನಮ್ಮವರ ಸ್ಮಶಾನದಲ್ಲಿ ಜಾಗ ಕೇಳಿ ಇಟ್ಟಿದ್ದೆವು. ಸಂಜೆ ಸಭಾಪಾಲಕರು ಅಲ್ಲಿಗೆ ಬರುವವರಿದ್ದರು. ಅವರು ಬಂದರು, ಪ್ರಾರ್ಥನೆ ಆಯಿತು, ಹತ್ತು ಜನ ಸೇರಿ ಮಣ್ಣು ಹಾಕಿದೆವು. ಅದೆಲ್ಲ ಎಲ್ಲರ ಮನೆಯಲ್ಲಿ ಆಗುವಂತೆಯೇ ಆಯಿತು, ಅದರಲ್ಲಿ ಹೇಳುವಂಥದ್ದಿಲ್ಲ. ಹೇಳಬೇಕಾದದ್ದು ಅದಕ್ಕಿಂತ ಮೊದಲು ಹೊಲದಲ್ಲಿ ನಡೆದದ್ದು.

ಹಳೆಯ ಊರು ಗೋಡೆಗಳ ಬುಡ ಮಾತ್ರ ಉಳಿಸಿಕೊಂಡು ಬಿದ್ದಿತ್ತು. ಬಾಗಿಲು, ತೊಲೆಗಳನ್ನೆಲ್ಲ ಜನ ಬಿಚ್ಚಿಕೊಂಡು ಹೋಗಿದ್ದರು. ಬೀರಪ್ಪ ಗುದ್ದಲಿ, ಸಲಿಕೆ ಹಿಡಿದು ಕಾದಿದ್ದ. ಹೊಲಕ್ಕೆ ಹೋಗಿ ನೋಡಿದರೆ ಬೇವಿನ ಗಿಡ ಇಲ್ಲ, ಯಾರೋ ಕಡಿದುಕೊಂಡು ಹೋಗಿದ್ದರು. ಗೋರಿಯ ಸುತ್ತಲಿನ ಕಲ್ಲುಗಳೂ ಇಲ್ಲ. ಹಿಂದಿನ ವರ್ಷ ಬಂದುಹೋದ ನೀರು ಎಲ್ಲದರ ಮೇಲೆ ಹೂಳು ಹರಡಿತ್ತು. ಆ ಹೂಳು ಒಣಗಿ, ಬಿರುಕು ಬಿಟ್ಟು, ಎತ್ತ ನೋಡಿದರೂ ಒಂದೇ ಥರ ಕಾಣುತ್ತಿತ್ತು. ಬಾವಿಯ ಬಾಯಿ ಮಾತ್ರ ಒಂದು ತಗ್ಗಿನ ಹಾಗೆ ಉಳಿದಿತ್ತು. ಅಪ್ಪ ಅದರಿಂದ ಹೆಜ್ಜೆ ಹಾಕಿ ಒಂದು ಕಡೆ ನಿಂತು, "ಇಲ್ಲೇ" ಎಂದ.

ಆಯಿಯನ್ನು ಸ್ವಲ್ಪ ದೂರದಲ್ಲಿ ಕೂರಿಸಿ ಕೊಡೆ ಹಿಡಿದು ನಿಂತೆ. ಅಪ್ಪ, ಬೀರಪ್ಪ ಅಗೆಯತೊಡಗಿದರು. ಮೊಣಕಾಲಿನ ಆಳ, ಸೊಂಟದ ಆಳ. ನನಗೆ ಎರಡು ಭಯ ಒಟ್ಟಿಗೇ ಇದ್ದವು. ಗುದ್ದಲಿಗೆ ಏನಾದರೂ ತಗುಲಿ ಸದ್ದಾದರೆ ಆಯಿಯ ಗತಿ ಏನು ಎಂದು ಒಂದು, ತಗುಲದೆ ಹೋದರೆ ಏನು ಎಂದು ಇನ್ನೊಂದು. ಗುಂಡಿಯ ಕಡೆ ಬಗ್ಗಿ ನೋಡುವಾಗ ಕೊಡೆ ವಾಲಿತು. "ಬಿಸಲ ನನ್ನ ಮ್ಯಾಲ ಬೀಳಾಕತೈತಿ, ನೆಟ್ಟಗ ಹಿಡಿ" ಎಂದಳು ಆಯಿ.

ಎದೆಯ ಆಳಕ್ಕೆ ಹೋದರು. ಏನೂ ಇಲ್ಲ. ಒಂದು ಎಲುಬಿಲ್ಲ, ಪೆಟ್ಟಿಗೆಯ ಒಂದು ಹಲಗೆ ಇಲ್ಲ. ಅಪ್ಪ ಗುಂಡಿಯೊಳಗಿನಿಂದಲೇ ತಲೆ ಎತ್ತಿ ನನ್ನನ್ನು ನೋಡಿದ. ಹೇಳಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಆದರೆ ಬೀರಪ್ಪ ಸಲಿಕೆ ಬಿಟ್ಟು ಮೇಲೆ ಬಂದಿದ್ದ. ಕೈ ಮುಗಿದು ಮೆಲ್ಲಗೆ ಕೇಳಿದ:

"ಶಾಂತವ್ವಾರ, ಖಾಲಿ ಐತ್ರಿ. ನಿಮ್ಮ ದೇವ್ರು... ಎಬ್ಬಿಸಿ ಕರ್ಕೊಂಡ ಹ್ವಾದ ಏನ್ರಿ?"

ಅವನು ಚೇಷ್ಟೆಗೆ ಕೇಳಲಿಲ್ಲ. ಅವನೂ ನಮ್ಮ ಜೊತೆ ಕೂತು ಆ ಸಿನಿಮಾ ನೋಡಿದವನೇ. ಈಗ ಆಯಿ ಹೌದೆಂದರೆ? ಮೊಣಕಾಲೂರಿ ಹಾಡತೊಡಗಿದರೆ? ಮುತ್ಯಾ ಎದ್ದರೆಂದು ಊರೆಲ್ಲ ಹೇಳಿಕೊಂಡು ಬಂದರೆ? ಮಣ್ಣೊಳಗೆ ಇರುವ ಆ ಜೀವವನ್ನು ನೀರಿಗೆ ಬಿಟ್ಟು ನಾವು ಸಂಭ್ರಮದಿಂದ ಮನೆಗೆ ಹೋಗುವುದೇ? ಜಾಗ ತಪ್ಪಿದೆ ಎಂದು ಅವಳಿಗೆ ಹೇಳುವವರು ಯಾರು? ನಾನೇ ಹೇಳಬೇಕೇ? ಒಂದು ತಿಂಗಳು ಅವಳ ನಂಬಿಕೆ ಹೋಯಿತೆಂದು ಅಳುಕಿದವಳು ನಾನು, ಈಗ ಅದು ವಾಪಸು ಬಂದರೆ ಹೇಗೆಂದು ಅಳುಕುತ್ತಿದ್ದೆ.

ಆಯಿ ನನ್ನ ಭುಜ ಹಿಡಿದು ಎದ್ದಳು. ಗುಂಡಿಯ ತನಕ ನಡೆದು ಬಗ್ಗಿ ನೋಡಿದಳು. ಸುತ್ತ ನೋಡಿದಳು. ಬಾವಿ ನೋಡಿದಳು.

"ಇಲ್ಲಪಾ ಬೀರಪ್ಪಾ. ಎದ್ದಿದ್ರ ನನಗ ಹೇಳದ ಹೋಗತಿದ್ದಿಲ್ಲ ಅವ್ರು. ಬರೇ ಸಂತಿಗೆ ಹೊಂಟ್ರೂ ಒದರಿ ಹೇಳಿ ಹೋಗಾವ್ರು. ಜಾಗಾ ತಪ್ಪೇತಿ. ಮುಂಜಾನೆ ನೆಳ್ಳು ಬಾವಿ ಕಡೆ ಬೀಳತಿತ್ತು, ಗಿಡ ಈ ಕಡೆ ಇತ್ತು. ಇನ್ನೊಂದ ಮಾರ ಬಲಕ್ಕ ಅಗೀರಿ."

ಅಪ್ಪನ ಮುಖದಲ್ಲಿ ಒಂದು ಕ್ಷಣ ನಗೆ ಬಂತು, ಕೂಡಲೇ ಅಳುವೂ ಬಂತು. ಬೀರಪ್ಪ ಗುದ್ದಲಿ ಎತ್ತಿಕೊಂಡ. ಅವಳು ತೋರಿಸಿದಲ್ಲಿ ಅಗೆದರು. ಸೊಂಟದ ಆಳಕ್ಕೆ ಬಂದಾಗ ತುಕ್ಕು ಹಿಡಿದ ಮೊಳೆಗಳು ಸಿಕ್ಕವು. ಆಮೇಲೆ ಕೋಟಿನ ಒಂದು ಗುಂಡಿ. ಆಮೇಲೆ ಇಬ್ಬರೂ ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ಸರಿಸತೊಡಗಿದರು, ಸ್ವಲ್ಪ ಹೊತ್ತಿಗೆ ಅದನ್ನೂ ನಿಲ್ಲಿಸಿದರು.

ಮುತ್ಯಾ ಅಲ್ಲೇ ಇದ್ದರು. ಮಣ್ಣಿನ ಬಣ್ಣಕ್ಕೆ ತಿರುಗಿ, ಮಲಗಿದ್ದರು. ಬೆಳಕೂ ಇರಲಿಲ್ಲ, ವಾದ್ಯವೂ ಇರಲಿಲ್ಲ. ಬಿಸಿಲಷ್ಟೇ ಇತ್ತು.

ನಾನು ಆಯಿಯನ್ನು ಹಿಂದಕ್ಕೆ ಎಳೆಯಲು ಕೈ ಹಾಕಿದೆ. ಅವಳು ಕೈ ಬಿಡಿಸಿಕೊಂಡು ಗುಂಡಿಯ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಯಾವ ಸಿನಿಮಾವನ್ನೂ ಅವಳು ಅಷ್ಟು ಗಮನವಿಟ್ಟು ನೋಡಿರಲಿಲ್ಲ. "ಹೌದು, ಅವ್ರ" ಎಂದಳು. ಅಷ್ಟೇ. ಅವಳ ಮುಖದಲ್ಲಿ ನಾನು ಹೆದರಿದ್ದ ಯಾವುದೂ ಕಾಣಲಿಲ್ಲ. ತಡವಾಗಿ ಮನೆಗೆ ಬಂದವರನ್ನು ನೋಡಿದಾಗ ಇರುವ ಸಿಟ್ಟು, ಸಮಾಧಾನ ಎರಡೂ ಇದ್ದವು.

ಎತ್ತುವವರು ಯಾರು ಎನ್ನುವ ಪ್ರಶ್ನೆ ಆಗ ಬಂತು. ಹೊಸ ಬಟ್ಟೆ ಹಾಸಿ ಆಗಿತ್ತು. ಅಪ್ಪ ಬಗ್ಗಿದ, ತಂದೆಯನ್ನು ಮುಟ್ಟಲಾಗದೆ ಮುಖ ಮುಚ್ಚಿಕೊಂಡು ನಿಂತ. ಬೀರಪ್ಪ, "ರಕ್ತಸಂಬಂಧದವ್ರು ಮುಟ್ಟಬೇಕ್ರಿ" ಎಂದು ಹಿಂದೆ ಸರಿದ. ಹಲ್ಲಿಗೂ ಹೆದರುವ ನಾನು ಕೊಡೆಯನ್ನು ಆಯಿಯ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ ಒಳಗೆ ಇಳಿದೆ. ಮಣ್ಣು ತಣ್ಣಗಿತ್ತು. ನಾನೆಂದೂ ನೋಡದ ಮುತ್ಯಾನ ತಲೆಯ ಹತ್ತಿರ ಮೊಣಕಾಲೂರಿ ಕೂತೆ. ನಂಬಿಕೆ ಇತ್ತೋ ಇಲ್ಲವೋ ಆಗ ಯೋಚನೆಗೆ ಬರಲಿಲ್ಲ. ಎಲ್ಲಿ ಮುರಿದುಬಿಡುತ್ತೇನೋ ಎಂಬ ಒಂದೇ ದಿಗಿಲು. ಎರಡೂ ಕೈಗಳನ್ನು ಕೆಳಗೆ ತೂರಿಸಿದೆ.

ಮೇಲಿನಿಂದ ಆಯಿ ಹೇಳಿದಳು:

"ಸಾವಕಾಶ ಎತ್ತಬೇ. ಎಬ್ಬಸೂದು ನಿನ್ನ ಕೆಲಸಾ ಅಲ್ಲ."

ಸಾವಕಾಶವಾಗಿಯೇ ಎತ್ತಿದೆ.